ಹಾಜರಿಯ ಶೇಕಡಾವಾರು ಸಾಕು, ಇನ್ನು ಪ್ರಶ್ನೆ–ಉತ್ತರ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ಸಂಸತ್ ಅಧಿವೇಶನ ಮುಗಿದಾಗಲೆಲ್ಲ, ಚುನಾವಣೆ ಹತ್ತಿರ ಬಂದಾಗಲಂತೂ ತಪ್ಪದೆ, ಪತ್ರಿಕೆಗಳಲ್ಲಿ ಒಂದು ಪಟ್ಟಿ ಬರುತ್ತದೆ. ರಾಜ್ಯದ 28 ಸಂಸದರ ಅಂಚೆಚೀಟಿಯಷ್ಟಗಲದ ಭಾವಚಿತ್ರ, ಪಕ್ಕದಲ್ಲಿ ಮೂರು ಅಂಕಿ: ಹಾಜರಿ ಶೇಕಡಾ ಇಷ್ಟು, ಕೇಳಿದ ಪ್ರಶ್ನೆ ಇಷ್ಟು, ಭಾಗವಹಿಸಿದ ಚರ್ಚೆ ಇಷ್ಟು. ನಮ್ಮೂರಿನ ಟೀ ಅಂಗಡಿಯಲ್ಲಿ ಅದನ್ನು ಎಸ್ಸೆಸ್ಸೆಲ್ಸಿ ಫಲಿತಾಂಶದಂತೆ ಬೆರಳಿಟ್ಟು ನೋಡುತ್ತಾರೆ, ನಮ್ಮವರು ಎಷ್ಟನೆಯವರು ಎಂದು ಕೇಳುತ್ತಾರೆ, ಲೋಟ ಕೆಳಗಿಡುವಷ್ಟರಲ್ಲಿ ಮರೆಯುತ್ತಾರೆ. ಆ ಪಟ್ಟಿಯಿಂದ ಓದುಗನಿಗೆ ತಿಳಿಯುವುದು ತೀರಾ ಕಡಿಮೆ, ತಪ್ಪು ತಿಳಿಯುವುದೇ ಹೆಚ್ಚು ಎಂಬುದನ್ನು ತಮ್ಮ ಗಮನಕ್ಕೆ ತಂದು, ಅದರ ಜಾಗದಲ್ಲಿ ಬೇರೊಂದನ್ನು ಪ್ರಕಟಿಸಬೇಕೆಂದು ಕೋರುವುದಕ್ಕಾಗಿ ಈ ಪತ್ರ.

ನಾನು ಮದ್ದೂರು ತಾಲ್ಲೂಕಿನ ಹಳ್ಳಿಯೊಂದರ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ 31 ವರ್ಷ ಕಾರ್ಯದರ್ಶಿಯಾಗಿದ್ದು ನಿವೃತ್ತನಾದವನು. ನಡಾವಳಿ ಬರೆದು ರೂಢಿಯಾದ ಕೈ ಸುಮ್ಮನಿರದ ಕಾರಣ, 2019ರ ಲೋಕಸಭಾ ಚುನಾವಣೆಯ ನಂತರ, ಬಳಸದೆ ಉಳಿದಿದ್ದ ಉದ್ದನೆಯ ಲೆಡ್ಜರ್ ಒಂದರಲ್ಲಿ ನಮ್ಮ ಮಂಡ್ಯ ಕ್ಷೇತ್ರದ ಮತ್ತು ಪಕ್ಕದ ಮೈಸೂರು–ಕೊಡಗು ಕ್ಷೇತ್ರದ ಸಂಸದರು ಸದನದಲ್ಲಿ ಮಾಡಿದ ಕೆಲಸವನ್ನು ಬರೆದಿಡತೊಡಗಿದೆ. ಎಡಪುಟದಲ್ಲಿ ಪ್ರಶ್ನೆ, ಬಲಪುಟದಲ್ಲಿ ಉತ್ತರ. ಕಾಲೇಜಿಗೆ ಹೋಗುವ ಮೊಮ್ಮಗಳು ಮೊಬೈಲಿನಲ್ಲಿ ಸಂಸತ್ತಿನ ಜಾಲತಾಣ ತೆರೆದು, ಇಂಗ್ಲಿಷಿನಲ್ಲಿರುವ ಉತ್ತರವನ್ನು ಕನ್ನಡದಲ್ಲಿ ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಯಾರನ್ನೂ ಹಿಡಿದು ನಿಲ್ಲಿಸಬೇಕೆಂಬ ಉದ್ದೇಶ ನನಗಿರಲಿಲ್ಲ. ಆದರೆ ಪುಟಗಳು ತುಂಬುತ್ತ ಬಂದಂತೆ, ಪಟ್ಟಿಯಲ್ಲಿ ಒಂದೇ ಅಂಕಿಯಾಗಿ ಕಾಣುವ ಎರಡು ಪ್ರಶ್ನೆಗಳ ನಡುವೆ ಎಷ್ಟು ಅಂತರವಿರಬಹುದು ಎಂಬುದು ಸ್ಪಷ್ಟವಾಯಿತು.

ಲೋಕಸಭೆಯಲ್ಲಿ ಒಂದು ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು ಮತ್ತು 230 ಚುಕ್ಕೆ ರಹಿತ ಪ್ರಶ್ನೆಗಳು ಪಟ್ಟಿಗೆ ಬರುತ್ತವೆ. ಸಚಿವರು ಎದ್ದು ನಿಂತು ಬಾಯಲ್ಲಿ ಉತ್ತರಿಸಬೇಕಾದದ್ದು, ಕೇಳಿದವರಿಗೆ ಮೇಲೊಂದು ಉಪಪ್ರಶ್ನೆ ಹಾಕಲು ಅವಕಾಶವಿರುವುದು ಚುಕ್ಕೆ ಗುರುತಿನ ಪ್ರಶ್ನೆಗೆ ಮಾತ್ರ. ಉಳಿದವುಗಳಿಗೆ ಲಿಖಿತ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಸದಸ್ಯರು ಕನಿಷ್ಠ 15 ದಿನ ಮುಂಚಿತವಾಗಿ ಸೂಚನೆ ಕೊಡಬೇಕು, ಯಾರ ಪ್ರಶ್ನೆ ಮೇಲೆ ಬರುತ್ತದೆ ಎಂಬುದು ಲಾಟರಿಯಿಂದ ನಿರ್ಧಾರವಾಗುತ್ತದೆ, ಒಬ್ಬರ ಹೆಸರಿನಲ್ಲಿ ದಿನಕ್ಕೆ ಒಂದಕ್ಕಿಂತ ಹೆಚ್ಚು ಚುಕ್ಕೆ ಗುರುತಿನ ಪ್ರಶ್ನೆ ಬರುವಂತಿಲ್ಲ. ಬೆಳಿಗ್ಗೆ 11ರಿಂದ 12ರವರೆಗಿನ ಆ ಒಂದು ಗಂಟೆ ಗದ್ದಲದಲ್ಲಿ ಹೋಗದೆ ಸುಸೂತ್ರವಾಗಿ ನಡೆದರೂ, 20ರಲ್ಲಿ ಐದಾರು ಪ್ರಶ್ನೆಗಳಿಗಷ್ಟೇ ಬಾಯಿಮಾತಿನ ಉತ್ತರ ಸಿಗುತ್ತದೆ. ಆದ್ದರಿಂದ ಹಿಂದಿನ ಬೆಂಚಿನಲ್ಲಿ ಕೂರುವ ಸಂಸದರೊಬ್ಬರು ಸಚಿವರನ್ನು ಮುಖಾಮುಖಿ ಪ್ರಶ್ನಿಸಿ, ಉಪಪ್ರಶ್ನೆಯಿಂದ ಒಂದು ಸತ್ಯವನ್ನು ಹೊರಗೆಳೆದರೆ ಅದು ಇಡೀ ಅಧಿವೇಶನದ ಸಂಪಾದನೆ. ನಮ್ಮ ಪಟ್ಟಿಗಳಲ್ಲಿ ಅದಕ್ಕೂ ಒಂದೇ ಅಂಕ, ಆಪ್ತ ಸಹಾಯಕರು ಬರೆದು ಕಳುಹಿಸಿದ ಚುಕ್ಕೆ ರಹಿತ ಪ್ರಶ್ನೆಗೂ ಒಂದೇ ಅಂಕ. ಇನ್ನೂ ಒಂದು ವಿಷಯವಿದೆ. ಒಂದೇ ವಿಚಾರವನ್ನು ಹಲವು ಸದಸ್ಯರು ಕೇಳಿದಾಗ ಅವರ ಹೆಸರುಗಳನ್ನೆಲ್ಲ ಸೇರಿಸಿ ಒಂದೇ ಪ್ರಶ್ನೆ ಮಾಡುತ್ತಾರೆ. ಲೆಕ್ಕಕ್ಕೆ ಬಂದಾಗ ಅದು ಪ್ರತಿಯೊಬ್ಬರ ಖಾತೆಗೂ ಜಮೆಯಾಗುತ್ತದೆ.

ನಮ್ಮ ಜಿಲ್ಲೆಯ ಉದಾಹರಣೆಯನ್ನೇ ಕೊಡುತ್ತೇನೆ. ‘ಕಬ್ಬು ಬೆಳೆಗಾರರ ಹಿತಕ್ಕಾಗಿ ಸರ್ಕಾರ ಕೈಗೊಂಡ ಕ್ರಮಗಳೇನು?’ ಎಂದು ಒಬ್ಬರು ಕೇಳುತ್ತಾರೆ ಎಂದಿಟ್ಟುಕೊಳ್ಳಿ. ಅದಕ್ಕೆ ಬರುವ ಉತ್ತರ ಪತ್ರಿಕಾ ಪ್ರಕಟಣೆಯಂತೆ ಎರಡು ಪುಟ ಇರುತ್ತದೆ, ಕೊನೆಯಲ್ಲಿ ರಾಜ್ಯವಾರು ಅನುಬಂಧ ಇರುತ್ತದೆ, ಅದರಲ್ಲಿ ಕರ್ನಾಟಕಕ್ಕೆ ಒಂದು ಸಾಲು ಇರುತ್ತದೆ. ಮಂಡ್ಯ ಎಂಬ ಹೆಸರು ಎಲ್ಲಿಯೂ ಇರುವುದಿಲ್ಲ. ಇನ್ನೊಬ್ಬರು ಹೀಗೆ ಕೇಳಬಹುದು: 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಕೊಡಬೇಕು, ಕಳೆದ ಮೂರು ಹಂಗಾಮುಗಳಲ್ಲಿ ಮಂಡ್ಯ ಜಿಲ್ಲೆಯ ಯಾವ ಯಾವ ಕಾರ್ಖಾನೆ ಎಷ್ಟು ದಿನ ತಡ ಮಾಡಿದೆ, ಹಾಗೆ ತಡವಾದದ್ದಕ್ಕೆ ರೈತರಿಗೆ ನಿಜವಾಗಿ ಪಾವತಿಯಾದ ಬಡ್ಡಿ ಎಷ್ಟು? ಈ ಪ್ರಶ್ನೆಗೆ ಸಚಿವಾಲಯ ಒಂದೋ ಅಂಕಿ ಕೊಡಬೇಕು, ಇಲ್ಲವೇ ಅಂಕಿ ತನ್ನ ಬಳಿ ಇಲ್ಲ ಎಂದು ಬರೆದುಕೊಡಬೇಕು. ಎರಡರಲ್ಲಿ ಯಾವುದು ಬಂದರೂ ರೈತನ ಕೈಗೆ ಒಂದು ಕಾಗದ ಸಿಕ್ಕಂತಾಯಿತು. ಅದನ್ನು ಹಿಡಿದು ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗಬಹುದು. ನ್ಯಾಯಸಮ್ಮತ ಮತ್ತು ಲಾಭದಾಯಕ ದರವನ್ನು, ಅಂದರೆ ನಾವೆಲ್ಲ ಎಫ್‌ಆರ್‌ಪಿ ಎನ್ನುವ ದರವನ್ನು, ನಿಗದಿ ಮಾಡುವುದು ಕೇಂದ್ರ ಸರ್ಕಾರವೇ ಆದ್ದರಿಂದ, ಇದು ರಾಜ್ಯದ ವಿಷಯ ಎಂದು ಸಂಸದರು ಕೈತೊಳೆದುಕೊಳ್ಳುವಂತೆಯೂ ಇಲ್ಲ. 2024–25ರ ಹಂಗಾಮಿಗೆ ಅದು ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 340 ರೂಪಾಯಿ ಇತ್ತು. ಆ ಇಳುವರಿಯನ್ನು ಅಳೆಯುವವರು ಯಾರು, ಅಳತೆಯನ್ನು ತಪಾಸಣೆ ಮಾಡುವವರು ಯಾರು ಎಂದು ಕೇಳಿದರೆ ಅದೇ ಇನ್ನೊಂದು ಒಳ್ಳೆಯ ಪ್ರಶ್ನೆ. ಮೈಸೂರು ಕಡೆಯ ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರಿಗೂ ಇದೇ ಮಾತು ಅನ್ವಯಿಸುತ್ತದೆ. ಹರಾಜು ಕಟ್ಟೆ ನಡೆಸುವ ತಂಬಾಕು ಮಂಡಳಿ ಕೇಂದ್ರ ವಾಣಿಜ್ಯ ಸಚಿವಾಲಯದ್ದು.

ಉತ್ತರಗಳನ್ನು ಓದುವುದಕ್ಕೂ ಸ್ವಲ್ಪ ಅಭ್ಯಾಸ ಬೇಕು. ಎ, ಬಿ, ಸಿ, ಡಿ ಎಂದು ನಾಲ್ಕು ಭಾಗ ಮಾಡಿ ಕೇಳಿದ ಪ್ರಶ್ನೆಗೆ ‘ಎ ಇಂದ ಡಿ’ ಎಂದು ಒಟ್ಟುಗೂಡಿಸಿ ಒಂದೇ ಕಂಡಿಕೆ ಬರೆದಿದ್ದರೆ, ಯಾವುದೋ ಒಂದು ಭಾಗ ಉತ್ತರವಿಲ್ಲದೆ ಜಾರಿಕೊಂಡಿದೆ ಎಂದೇ ನಾನು ಮೊದಲು ಅನುಮಾನಿಸುತ್ತೇನೆ. ‘ಈ ಪ್ರಶ್ನೆ ಉದ್ಭವಿಸುವುದಿಲ್ಲ’ ಎಂಬ ಉತ್ತರ ಬಂದರೆ, ಮೊದಲ ಭಾಗವನ್ನೇ ಇಲ್ಲವೆಂದು ಹೇಳಿ ಉಳಿದದ್ದನ್ನು ತಪ್ಪಿಸಿಕೊಂಡಿದ್ದಾರೆ ಎಂದರ್ಥ. ‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ, ಸದನದ ಮುಂದಿಡಲಾಗುವುದು’ ಎಂಬುದು ಮಾತ್ರ ನನಗೆ ಬಹಳ ಇಷ್ಟವಾದ ವಾಕ್ಯ. ಮೇಲ್ನೋಟಕ್ಕೆ ಅದು ಸಾಗಹಾಕುವ ಮಾತು. ಆದರೆ ಸದನದ ಪದ್ಧತಿಯಲ್ಲಿ ಅದು ಸರ್ಕಾರ ಕೊಟ್ಟ ಭರವಸೆ ಎಂದು ದಾಖಲಾಗುತ್ತದೆ, ಮೂರು ತಿಂಗಳೊಳಗೆ ಈಡೇರಿಸಬೇಕು, ಈಡೇರಿತೋ ಇಲ್ಲವೋ ಎಂದು ನೋಡಲು ಸರ್ಕಾರಿ ಭರವಸೆಗಳ ಸಮಿತಿ ಎಂಬುದೇ ಇದೆ. ನನ್ನ ಲೆಡ್ಜರಿನಲ್ಲಿ ಇಂಥ ಉತ್ತರಗಳ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ತಾರೀಕು ಹಾಕಿಟ್ಟಿದ್ದೇನೆ, ಬಾಕಿದಾರರ ಪಟ್ಟಿಯ ಹಾಗೆ. ಸಂಸದರ ಕಚೇರಿಯವರೂ ಹೀಗೆ ತಾರೀಕು ಹಾಕಿಡುತ್ತಾರೆಯೇ ಎಂಬುದು ಪತ್ರಿಕೆಯವರು ಕೇಳಬಹುದಾದ ಪ್ರಶ್ನೆ.

ಹಾಜರಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಸದಸ್ಯರ ದಿನಭತ್ಯೆಗೆ ಆಧಾರ ಅವರ ಸಹಿ. ಸಹಿಯ ವಿಧಾನ ಪುಸ್ತಕದಿಂದ ಯಂತ್ರಕ್ಕೆ ಬದಲಾಗಬಹುದು, ಆದರೆ ಆ ದಿನ ಅವರು ಬಂದಿದ್ದರು ಎಂಬುದಕ್ಕಿಂತ ಹೆಚ್ಚಿನದನ್ನು ಅದು ಹೇಳುವುದಿಲ್ಲ. ಡೇರಿಗೆ ಬಂದವರೆಲ್ಲ ಹಾಲು ಹಾಕಿದವರಲ್ಲ.

ಚರ್ಚೆಗಳ ಎಣಿಕೆ ಮಾತ್ರ ಹಿಂದಿನ ಬೆಂಚಿನವರಿಗೆ ಅನ್ಯಾಯ ಮಾಡುತ್ತದೆ. ಮಸೂದೆಯ ಚರ್ಚೆಯಲ್ಲಿ ಸಮಯ ಹಂಚುವುದು ಪಕ್ಷದ ಬಲದ ಮೇಲೆ. ಪಕ್ಷದೊಳಗೆ ಯಾರು ಮಾತನಾಡಬೇಕೆಂದು ತೀರ್ಮಾನಿಸುವುದು ನಾಯಕರು. ಹೊಸಬರಿಗೆ ಸಂಜೆ ಖಾಲಿ ಬೆಂಚುಗಳ ಮುಂದೆ ಮೂರೋ ನಾಲ್ಕೋ ನಿಮಿಷ ಸಿಕ್ಕರೆ ಅದೇ ಹೆಚ್ಚು. ಆದರೆ ಪಕ್ಷದ ನಾಯಕರ ಅಪ್ಪಣೆಗೆ ಕಾಯದೆ ಕ್ಷೇತ್ರದ ಮಾತನ್ನು ಎತ್ತಲು ಶೂನ್ಯವೇಳೆ ಇದೆ, ನಿಯಮ 377 ಇದೆ, ಶುಕ್ರವಾರದ ಕೊನೆಯ ಎರಡೂವರೆ ಗಂಟೆ ಖಾಸಗಿ ಸದಸ್ಯರ, ಅಂದರೆ ಸಚಿವರಲ್ಲದ ಸದಸ್ಯರ, ಕಲಾಪಕ್ಕೆಂದೇ ಮೀಸಲಿದೆ. ಸ್ವಾತಂತ್ರ್ಯ ಬಂದ ಮೇಲೆ ಖಾಸಗಿ ಸದಸ್ಯರ ಮಸೂದೆಗಳಲ್ಲಿ ಕಾಯ್ದೆಯಾದವು 14 ಮಾತ್ರ, ಕೊನೆಯದು 1970ರಲ್ಲಿ. ಹಾಗಾಗಿ ಅಂಥ ಮಸೂದೆ ಮಂಡಿಸಿದವರು ಅದು ಅಂಗೀಕಾರವಾಗಲಿ ಎಂದು ಮಂಡಿಸುವುದಿಲ್ಲ. ತಮ್ಮ ಮನಸ್ಸಿನಲ್ಲಿ ಏನಿದೆ ಎಂಬುದನ್ನು ದಾಖಲೆಗೆ ಸೇರಿಸಲು ಮಂಡಿಸುತ್ತಾರೆ. ಒಬ್ಬ ಸಂಸದರನ್ನು ಅರಿಯಲು ನನಗೆ ಅದಕ್ಕಿಂತ ಒಳ್ಳೆಯ ಕಿಟಕಿ ಕಂಡಿಲ್ಲ. ಭಾಷೆಯ ತೊಡಕನ್ನು ನೆಪವಾಗಿ ಹೇಳುವವರಿಗೆ ಒಂದು ಮಾತು: 1967ರಲ್ಲಿ ಲೋಕಸಭೆ ಪ್ರವೇಶಿಸಿದ ಜೆ.ಎಚ್. ಪಟೇಲರು ಅಲ್ಲಿ ಕನ್ನಡದಲ್ಲಿಯೇ ಮಾತನಾಡಿ ದಾರಿ ಮಾಡಿಕೊಟ್ಟಿದ್ದಾರೆ.

ಇನ್ನು ಮತದ ವಿಷಯಕ್ಕೆ ಬರುತ್ತೇನೆ. ನನ್ನ ಲೆಡ್ಜರಿನಲ್ಲಿ ಅತಿ ಹೆಚ್ಚು ಖಾಲಿ ಉಳಿದಿರುವ ಅಂಕಣ ಇದೇ.

ನಮ್ಮ ಡೇರಿಯಲ್ಲಿ ಹಾಲಿನ ಕ್ಯಾನು ಕೊಳ್ಳುವುದಿದ್ದರೂ ನಡಾವಳಿ ಪುಸ್ತಕದಲ್ಲಿ ಸೂಚಕರು ಇಂಥವರು, ಅನುಮೋದಕರು ಇಂಥವರು ಎಂದು ಬರೆದು ಸಹಿ ಹಾಕಿಸುತ್ತಿದ್ದೆ. ಒಮ್ಮೆ ಕಟ್ಟಡದ ಮೇಲ್ಛಾವಣಿ ರಿಪೇರಿಯ ಠರಾವಿಗೆ ನಿರ್ದೇಶಕರೊಬ್ಬರು ಒಪ್ಪದೆ, ‘ನಾನು ಬೇಡ ಅಂದೆ ಅಂತ ಬರಿ, ಬರೆಯೋವರೆಗೆ ಏಳಲ್ಲ’ ಎಂದು ರಾತ್ರಿ ಒಂಬತ್ತರವರೆಗೆ ಕುಳಿತಿದ್ದರು. ಬರೆದೆ. ಲೆಕ್ಕಪರಿಶೋಧಕರು ಬಂದಾಗ ಆ ಒಂದು ಸಾಲು ಅವರನ್ನು ಉಳಿಸಿತು. ದೇಶದ ಕಾನೂನು ಮಾಡುವ ಸದನದಲ್ಲಿ ಬಹುಪಾಲು ಮಸೂದೆಗಳಿಗೆ ಇಷ್ಟು ದಾಖಲೆಯೂ ಇಲ್ಲ. ಸಭಾಧ್ಯಕ್ಷರು ಪರವಾಗಿರುವವರು ‘ಹೌದು’ ಎನ್ನಿ, ವಿರೋಧವಿರುವವರು ‘ಇಲ್ಲ’ ಎನ್ನಿ ಎನ್ನುತ್ತಾರೆ, ಎರಡು ಕಡೆಯ ದನಿ ಕೇಳಿ ‘ಹೌದು ಎಂದವರ ಪರ’ ಎಂದು ಸಾರುತ್ತಾರೆ. ಸದಸ್ಯರೊಬ್ಬರು ಈ ತೀರ್ಪನ್ನು ಪ್ರಶ್ನಿಸಿ ಮತವಿಭಜನೆ ಕೇಳಿದಾಗ ಮಾತ್ರ ಯಾರು ಎತ್ತ ಎಂಬುದು ಹೆಸರು ಸಹಿತ ಅಚ್ಚಾಗುತ್ತದೆ. ಅದೂ ಅನಗತ್ಯ ಬೇಡಿಕೆ ಎನಿಸಿದರೆ ಸಭಾಧ್ಯಕ್ಷರು ಸದಸ್ಯರನ್ನು ಅವರವರ ಜಾಗದಲ್ಲಿಯೇ ಎದ್ದು ನಿಲ್ಲಿಸಿ ತಲೆ ಎಣಿಸಬಹುದು, ಆಗ ಹೆಸರು ದಾಖಲಾಗುವುದಿಲ್ಲ. ಸಂವಿಧಾನದ ತಿದ್ದುಪಡಿಗೆ ವಿಶೇಷ ಬಹುಮತ ಬೇಕಾದ್ದರಿಂದ ಎಣಿಕೆ ತಪ್ಪಿದ್ದಲ್ಲ. ಮಹಿಳಾ ಮೀಸಲಾತಿ ಮಸೂದೆಗೆ 2023ರ ಸೆಪ್ಟೆಂಬರ್ 20ರಂದು ಲೋಕಸಭೆಯಲ್ಲಿ ಪರವಾಗಿ 454, ವಿರುದ್ಧವಾಗಿ 2 ಮತ ಬಿದ್ದದ್ದು ನಮಗೆ ಖಚಿತವಾಗಿ ತಿಳಿದಿರುವುದು ಹಾಗಾಗಿಯೇ. ಆದರೆ ಮಂಡ್ಯದ ರೈತನಿಗೆ ನೇರವಾಗಿ ತಟ್ಟುವ ಮೂರು ಕೃಷಿ ಮಸೂದೆಗಳು 2020ರ ಸೆಪ್ಟೆಂಬರಿನಲ್ಲಿ ಧ್ವನಿಮತದಿಂದ ಬಂದವು, 2021ರ ನವೆಂಬರ್ 29ರಂದು ಚರ್ಚೆಯೇ ಇಲ್ಲದೆ ಧ್ವನಿಮತದಿಂದಲೇ ಹೋದವು. ಆ ಕಾಯ್ದೆಗಳು ಒಳ್ಳೆಯವೋ ಕೆಟ್ಟವೋ ಎಂಬ ವಾದ ಇಲ್ಲಿ ಬೇಡ. ಬಂದಾಗ ನಮ್ಮ ಪ್ರತಿನಿಧಿಯ ಬಾಯಿಂದ ಹೊರಟದ್ದು ‘ಹೌದೋ’ ‘ಇಲ್ಲವೋ’, ಹೋದಾಗ ಏನು, ಅಥವಾ ಆ ಹೊತ್ತಿನಲ್ಲಿ ಅವರು ಸದನದಲ್ಲಿದ್ದರೇ ಎಂಬುದಕ್ಕೆ ಮತದ ದಾಖಲೆಯಲ್ಲಿ ಉತ್ತರವಿಲ್ಲ. ಬ್ರಿಟನ್ನಿನ ಕೆಳಮನೆಯಲ್ಲಿ ಮತವಿಭಜನೆಯ ಹೆಸರುಪಟ್ಟಿ 1836ರಿಂದ ಅಧಿಕೃತವಾಗಿ ಪ್ರಕಟವಾಗುತ್ತ ಬಂದಿದೆ, ಅಲ್ಲಿ ಮತವಿಭಜನೆಗಳೂ ಪದೇ ಪದೇ ನಡೆಯುತ್ತವೆ.

ಮತ ದಾಖಲಾದರೂ ಅದು ಸದಸ್ಯರ ಸ್ವಂತ ಅಭಿಪ್ರಾಯವೇ ಎಂದು ಕೇಳುವವರಿದ್ದಾರೆ, ಆಕ್ಷೇಪ ಸರಿಯಾದದ್ದೇ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ ಪ್ರಕಾರ, ಪಕ್ಷದ ನಿರ್ದೇಶನಕ್ಕೆ ವಿರುದ್ಧವಾಗಿ ಮತ ಹಾಕಿದವರು ಅಥವಾ ಮತ ಹಾಕದೆ ಉಳಿದವರು, ಪಕ್ಷ 15 ದಿನಗಳೊಳಗೆ ಅದನ್ನು ಮನ್ನಿಸದಿದ್ದರೆ, ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ವಿಪ್, ಅಂದರೆ ಆ ನಿರ್ದೇಶನ, ಜಾರಿಯಾದ ಮೇಲೆ ಸದಸ್ಯರ ಮತ ಪಕ್ಷದ ಮತ. ಆದರೂ ದಾಖಲೆ ಬೇಕು ಎನ್ನುತ್ತೇನೆ. ವಿಪ್ ಇಲ್ಲದ ಮತಗಳೂ ಇವೆ, ಗೈರುಹಾಜರಿಯೂ ಒಂದು ಮಾತೇ. ಮೇಲಾಗಿ ನಮ್ಮ ಮಂಡ್ಯ 2019ರಲ್ಲಿ ಪಕ್ಷೇತರರಾಗಿ ನಿಂತ ಸುಮಲತಾ ಅಂಬರೀಷ್ ಅವರನ್ನು ಆರಿಸಿ ಕಳುಹಿಸಿತ್ತು. ಪಕ್ಷೇತರರಿಗೆ ವಿಪ್ ಇಲ್ಲ, ಅವರ ಮತ ಪೂರ್ತಿ ಅವರದೇ. ದೇಶದ ಬೆರಳೆಣಿಕೆಯ ಕ್ಷೇತ್ರಗಳಿಗೆ ಮಾತ್ರ ಸಿಗುವ ಅಂಥ ಅವಕಾಶ ಐದು ವರ್ಷ ನಮ್ಮ ಜಿಲ್ಲೆಗಿದ್ದಾಗಲೂ, ಯಾವ ಮಸೂದೆಗೆ ಅವರು ಎತ್ತ ನಿಂತರು ಎಂದು ಸಾಲುಸಾಲಾಗಿ ಬರೆದ ಒಂದು ಪತ್ರಿಕಾ ವರದಿಯನ್ನೂ ನಾನು ಓದಲಿಲ್ಲ. ಇದನ್ನು ಅವರ ಮೇಲಿನ ದೂರಾಗಿ ಹೇಳುತ್ತಿಲ್ಲ, ತಮ್ಮಂಥವರ ಮೇಲಿನ ದೂರಾಗಿ ಹೇಳುತ್ತಿದ್ದೇನೆ.

ಈಗ ಸ್ಥಿತಿ ಬೇರೆ. 2024ರಲ್ಲಿ ಮಂಡ್ಯದಿಂದ ಗೆದ್ದ ಎಚ್.ಡಿ. ಕುಮಾರಸ್ವಾಮಿ ಅವರು ಕೇಂದ್ರ ಸಚಿವರಾದರು. ಸಚಿವರು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಹಾಜರಿ ಪುಸ್ತಕಕ್ಕೂ ಅವರು ಸಹಿ ಮಾಡಬೇಕಾಗಿಲ್ಲ. ಇದನ್ನು ಅರಿಯದವರು ಪಟ್ಟಿಯಲ್ಲಿ ಪ್ರಶ್ನೆಯ ಅಂಕಣ ಖಾಲಿ ಇರುವುದನ್ನು ತೋರಿಸಿ ನಗುವುದನ್ನು ಕಂಡಿದ್ದೇನೆ, ಅದು ತಪ್ಪು. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಕ್ಷೇತ್ರದ ಸಂಸದರು ಸಚಿವರಾಗಿರುವಾಗ ಮಂಡ್ಯದ ಕಬ್ಬು, ಕಾವೇರಿ, ಬೆಲ್ಲದ ಬಗ್ಗೆ ಪ್ರಶ್ನೋತ್ತರ ಅವಧಿಯಲ್ಲಿ ಕೇಳುವವರು ಯಾರು? ರಾಜ್ಯದ ಇತರ ಲೋಕಸಭಾ ಸದಸ್ಯರು ಕೇಳಬಹುದು, ಕರ್ನಾಟಕದ 12 ರಾಜ್ಯಸಭಾ ಸದಸ್ಯರು ಕೇಳಬಹುದು. ಅವರು ಕೇಳುತ್ತಿದ್ದಾರೆಯೇ ಎಂದು ನೋಡುವ ಕೆಲಸ ಪತ್ರಿಕೆಯದು. ಮೈಸೂರು–ಕೊಡಗಿನಿಂದ ಅದೇ ವರ್ಷ ಮೊದಲ ಬಾರಿಗೆ ಆಯ್ಕೆಯಾದ ಯದುವೀರ್ ಕೃಷ್ಣದತ್ತ ಚಾಮರಾಜ ಒಡೆಯರ್ ಅವರದು ಸಚಿವ ಸ್ಥಾನದ ಹೊರೆಯಿಲ್ಲದ ಸದಸ್ಯತ್ವ. ಅಲ್ಲಿ ದಾಖಲೆಯನ್ನು ಮೊದಲ ದಿನದಿಂದಲೇ ಹಿಡಿಯಬಹುದು.

ಮೈಸೂರಿನವರಿಗೆ ಇದೇನೂ ಹೊಸ ಸಂಗತಿಯಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಆರಂಭಿಸಿದ ಪ್ರಜಾಪ್ರತಿನಿಧಿ ಸಭೆ ದಸರೆಯ ಹೊತ್ತಿಗೆ ಮೈಸೂರಿನಲ್ಲಿ ಸೇರುತ್ತಿತ್ತು. ಕಾನೂನು ಮಾಡುವ ಅಧಿಕಾರ ಅದಕ್ಕಿರಲಿಲ್ಲ. ತಾಲ್ಲೂಕುಗಳಿಂದ ಬಂದವರು ಕೆರೆ, ರಸ್ತೆ, ಕಂದಾಯದ ಅಹವಾಲು ಹೇಳುತ್ತಿದ್ದರು, ಸರ್ಕಾರ ಉತ್ತರಿಸುತ್ತಿತ್ತು, ನಡಾವಳಿ ಅಚ್ಚಾಗುತ್ತಿತ್ತು. ಯಾವ ತಾಲ್ಲೂಕಿನವರು ಏನು ಕೇಳಿದರು, ಏನು ಉತ್ತರ ಸಿಕ್ಕಿತು ಎಂಬುದು ಅಷ್ಟು ಹಿಂದೆಯೇ ಕಾಗದದ ಮೇಲೆ ಸಿಗುತ್ತಿತ್ತು.

ಅಂಕಿ ಸಂಗ್ರಹಿಸುವವರನ್ನು ನಾನು ಹಳಿಯುತ್ತಿಲ್ಲ. ದೆಹಲಿಯ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆ 2005ರಿಂದ ಮಾಡುತ್ತಿರುವ ಕೆಲಸ ಇಲ್ಲದಿದ್ದರೆ ನನ್ನಂಥವನು ಆರಂಭಿಸುವುದೇ ಕಷ್ಟವಿತ್ತು. ಆದರೆ ಅಂಕಿಯನ್ನೇ ಗುರಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಉದಾಹರಣೆ ಇದೆ. ಅಲ್ಲಿ 2004ರಲ್ಲಿ ಸ್ವಯಂಸೇವಕರು ‘ದೇ ವರ್ಕ್ ಫಾರ್ ಯೂ’ ಎಂಬ ಜಾಲತಾಣ ತೆರೆದು ಸಂಸದರ ಮಾತು, ಪ್ರಶ್ನೆಗಳನ್ನು ಎಣಿಸಿ ತೋರಿಸತೊಡಗಿದಾಗ, ಕೆಲವು ಸದಸ್ಯರು ಎಣಿಕೆ ಹೆಚ್ಚಿಸಿಕೊಳ್ಳಲೆಂದೇ ಪ್ರಶ್ನೆ ಕಳುಹಿಸುತ್ತಾರೆ, ನಡುವೆ ಎದ್ದು ಒಂದು ಮಾತು ಸೇರಿಸುತ್ತಾರೆ ಎಂಬ ದೂರು ಕೇಳಿಬಂದಿತ್ತು. ಇಲ್ಲಿಯೂ ಹಾಗಾಗುವುದಿಲ್ಲ ಎಂದು ಹೇಗೆ ಹೇಳುವುದು? ಪ್ರಶ್ನೆಗೆ ಬೆಲೆ ಕಟ್ಟಿದವರ ಕಥೆಯೂ ನಮಗೆ ಗೊತ್ತಿದೆ. ಹಣ ಪಡೆದು ಪ್ರಶ್ನೆ ಕೇಳಿದ ಪ್ರಕರಣದಲ್ಲಿ 2005ರ ಡಿಸೆಂಬರಿನಲ್ಲಿ ಎರಡೂ ಸದನಗಳಿಂದ ಒಟ್ಟು 11 ಮಂದಿ ಉಚ್ಚಾಟಿತರಾದರು. ಎಣಿಕೆಯಲ್ಲಿ ಅವರ ಪ್ರಶ್ನೆಗಳೂ ಪ್ರಶ್ನೆಗಳೇ ಆಗಿದ್ದವು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಪ್ರತಿ ಅಧಿವೇಶನ ಮುಗಿದ ಮೇಲೆ, ವರ್ಷಕ್ಕೆ ಸಾಮಾನ್ಯವಾಗಿ ಮೂರು ಸಲ, ಜಿಲ್ಲಾ ಪುಟದಲ್ಲಿ ಅರ್ಧ ಪುಟವನ್ನು ಇದಕ್ಕೆ ಬಿಟ್ಟುಕೊಡಬೇಕು. ಕ್ಷೇತ್ರಕ್ಕೆ ಸಂಬಂಧಿಸಿದ ಪ್ರಶ್ನೆಗಳನ್ನು ಕನ್ನಡದಲ್ಲಿ ಪೂರ್ತಿಯಾಗಿ, ಉತ್ತರದ ಸಾರವನ್ನು ಸಚಿವಾಲಯದ ಮಾತಿನಲ್ಲಿಯೇ, ಉತ್ತರ ಸಿಗದ ಭಾಗ ಯಾವುದೆಂಬ ಟಿಪ್ಪಣಿಯೊಡನೆ ಪ್ರಕಟಿಸಬೇಕು. ಮತವಿಭಜನೆ ನಡೆದಿದ್ದರೆ ಯಾರು ಎತ್ತ ನಿಂತರು ಎಂದು ಬರೆಯಬೇಕು. ಧ್ವನಿಮತವಾಗಿದ್ದರೆ ಸಂಸದರಿಗೆ ದೂರವಾಣಿ ಮಾಡಿ, ಸದನದಲ್ಲಿದ್ದಿರಾ, ‘ಹೌದು’ ಎಂದಿರೋ ‘ಇಲ್ಲ’ ಎಂದಿರೋ ಎಂದು ಕೇಳಿ ಅವರ ಉತ್ತರವನ್ನು ಹಾಕಬೇಕು. ಉತ್ತರಿಸದಿದ್ದರೆ ಉತ್ತರಿಸಲಿಲ್ಲ ಎಂದು ಹಾಕಬೇಕು. ಈ ಕೊನೆಯದಕ್ಕೆ ಯಾವ ನಿಯಮದ ತಿದ್ದುಪಡಿಯೂ ಬೇಡ, ಒಬ್ಬ ವರದಿಗಾರರ ಅರ್ಧ ದಿನ ಸಾಕು. ಓದುಗರಿಂದ ಪ್ರಶ್ನೆ ತರಿಸಿ ಅಧಿವೇಶನಕ್ಕೆ ತಿಂಗಳ ಮೊದಲು ಅಚ್ಚು ಮಾಡಿದರೂ ಒಳ್ಳೆಯದು. ಹಿಂದೊಮ್ಮೆ, ಯಾವ ಕಾಲದಲ್ಲಿ ಯಾರಿಗೆ ಎಂಬುದು ಬೇಡ, ಹಾಲಿನ ಪುಡಿಯ ಆಮದಿನ ಬಗ್ಗೆ ಒಂದು ಪ್ರಶ್ನೆ ಕೇಳಿ ಎಂದು ಸಂಘದ ಲೆಟರ್‌ಹೆಡ್ಡಿನಲ್ಲಿ ಜನಪ್ರತಿನಿಧಿಯೊಬ್ಬರಿಗೆ ಬರೆದಿದ್ದೆ. ಮೂರು ತಿಂಗಳ ನಂತರ ಅವರ ಕಚೇರಿಯಿಂದ ಭಾವಚಿತ್ರ ಸಹಿತ ಯುಗಾದಿ ಶುಭಾಶಯ ಪತ್ರ ಬಂತು. ಅದೇ ಪ್ರಶ್ನೆ ಪತ್ರಿಕೆಯಲ್ಲಿ ಅಚ್ಚಾಗಿದ್ದರೆ ಉತ್ತರ ಬೇರೆ ಬರುತ್ತಿತ್ತೇನೋ.

ಪುಟವನ್ನು ಆರಂಭಿಸುವುದಾದರೆ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕೃಷ್ಣರಾಜನಗರ ಮೈಸೂರು ಜಿಲ್ಲೆಯಲ್ಲಿದ್ದರೂ ಅಲ್ಲಿಯವರ ಮತ ಮಂಡ್ಯ ಕ್ಷೇತ್ರಕ್ಕೆ. ಎಚ್.ಡಿ. ಕೋಟೆ, ನಂಜನಗೂಡು, ವರುಣ, ತಿ. ನರಸೀಪುರದವರು ಮೈಸೂರು ಜಿಲ್ಲೆಯವರಾದರೂ ಅವರ ಸಂಸದರು ಚಾಮರಾಜನಗರದವರು. ಜಿಲ್ಲಾ ಆವೃತ್ತಿಯ ಗಡಿಯನ್ನೇ ಹಿಡಿದು ಪುಟ ಮಾಡಿದರೆ ಈ ಐದು ವಿಧಾನಸಭಾ ಕ್ಷೇತ್ರಗಳ ಓದುಗರು ತಮ್ಮದಲ್ಲದ ಸಂಸದರ ಲೆಕ್ಕವನ್ನು ಓದುತ್ತ ಕೂರಬೇಕಾಗುತ್ತದೆ. ನನ್ನ ಲೆಡ್ಜರಿನ ಜೆರಾಕ್ಸ್ ಪ್ರತಿ ಬೇಕಿದ್ದಲ್ಲಿ ತಿಳಿಸಿದರೆ ನಿಮ್ಮ ಮಂಡ್ಯ ಕಚೇರಿಗೆ ತಲುಪಿಸುತ್ತೇನೆ. ಅಕ್ಷರ ಸುಮಾರಾಗಿದೆ, ತಾರೀಕುಗಳು ಸರಿ ಇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಡೇರಿ ಕಾರ್ಯದರ್ಶಿ,
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ